ಮಿಟ್ಸಿಯ ಹೊಲಿಗೆ, ಡೆಲ್ಮರನ ನಾಲಿಗೆ

ಡೆಲ್ಮರ್ ಸ್ಕೋಗನ್‌ಗೆ ಅರವತ್ತಾರು ವರ್ಷವಾಗಿತ್ತು. ಆದರೂ "ಬೇಕು" ಮತ್ತು "ಆಗಲ್ಲ" ಎನ್ನುವ ಎರಡು ಮಾತು ಅವನ ಬಾಯಿಗೆ ಇನ್ನೂ ಬಂದಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಪಶುವೈದ್ಯರ ಆಫೀಸಿನ ಹುಡುಗಿ ಫೋನ್ ಮಾಡಿ, "ನಿಮ್ಮ ಮಿಟ್ಸಿಗೆ ಮರಿಯಾಗದ ಆಪರೇಷನ್ ಮಾಡ್ಸೋಕೆ ಮೇ ಹನ್ನೊಂದು ಆಗುತ್ತಾ? ಗುರುವಾರ" ಎಂದು ಕೇಳಿದಳು. "ನಿಮಗೆ ಹೇಗೆ ಅನುಕೂಲವೋ ಹಾಗೆ" ಎಂದ ಡೆಲ್ಮರ್. ಫೋನಿಟ್ಟು ಗೋಡೆಯ ಕ್ಯಾಲೆಂಡರ್ ನೋಡಿದರೆ, ಮೇ ಹದಿಮೂರರ ಚೌಕದಲ್ಲಿ ಕೆಂಪು ಪೆನ್ನಿನ ಮೀನೊಂದು ಅವನನ್ನೇ ನೋಡುತ್ತಿತ್ತು. ಜನವರಿ ಒಂದರಂದು ಅವನೇ ಬರೆದಿಟ್ಟ ಮೀನು ಅದು.

ಮಿನ್ನೆಸೋಟದ ನಾರ್ಬಿ ಊರಿನಲ್ಲಿ ವಾಲಾಯ್ ಮೀನಿನ ಹಂಗಾಮು ಶುರುವಾಗುವ ಶನಿವಾರವೆಂದರೆ ಗಂಡಸರು ಕ್ರಿಸ್‌ಮಸ್ ಮರೆತರೂ ಮರೆಯದ ದಿನ. ನಲವತ್ತೊಂದು ವರ್ಷದಿಂದ ಆ ದಿನ ಡೆಲ್ಮರ್ ಕೂತಿದ್ದು ಮರ್ಲ್ ಹೂಸ್ಬಿಯ ದೋಣಿಯ ನಡುವಿನ ಹಲಗೆಯ ಮೇಲೆ. ಮರ್ಲ್‌ನ ಟ್ರಕ್ಕು ಹಿಂದಿನ ದಿನ, ಶುಕ್ರವಾರ ಸಂಜೆ ಐದಕ್ಕೆ ಹೊರಡುತ್ತದೆ. ಹುಟ್ಟಿದವರಿಗಾಗಲೀ ಸತ್ತವರಿಗಾಗಲೀ ಐದು ನಿಮಿಷ ಕಾದ ಟ್ರಕ್ಕಲ್ಲ ಅದು.

"ಫೋನ್ ಮಾಡಿ ತಾರೀಖು ಮುಂದಕ್ಕೆ ಹಾಕಿಸ್ರೀ" ಎಂದಿದ್ದಳು ಹೆಂಡತಿ ಆರ್ಡಿಸ್. "ನಾನು ಆ ವಾರ ಫಾರ್ಗೋದಲ್ಲಿರ್ತೀನಿ, ಅಕ್ಕನ ಕಣ್ಣಿನ ಆಪರೇಷನ್ನು. ಭಾನುವಾರದವರೆಗೂ ಬರಲ್ಲ."

"ಪಾಪ, ಆ ಹುಡುಗಿ ಬರ್ಕೊಂಡುಬಿಟ್ಟಿದ್ದಾಳೆ ಕಣೇ" ಎಂದ ಡೆಲ್ಮರ್. ಅಲ್ಲಿಗೆ ಮುಗಿಯಿತು.

ಹೀಗಾಗಿ ಆ ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಇದ್ದವರು ಇಬ್ಬರು. ಹೊಟ್ಟೆಯ ಕೆಳಗೆ ಎಂಟು ಹೊಲಿಗೆ, ಅದನ್ನು ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ದೊಡ್ಡ ಆಲಿಕೆ ಹಾಕಿಸಿಕೊಂಡ ಎರಡು ವರ್ಷದ ಹಳದಿ ನಾಯಿ ಮಿಟ್ಸಿ; ಕೈಯಲ್ಲಿ ನೋವಿನ ಮಾತ್ರೆ ಹಿಡಿದ ಡೆಲ್ಮರ್. ಮಿಟ್ಸಿ ಮಲಗಲೊಲ್ಲಳು, ಕೂರಲೊಲ್ಲಳು. ನಡುಗುತ್ತ ನಿಂತೇ ಇದ್ದಳು, ಸಣ್ಣಗೆ ಕುಂಯ್‌ಗುಡುತ್ತಿದ್ದಳು. ಆ ದನಿ ಕೇಳಿದಾಗಲೆಲ್ಲ ಡೆಲ್ಮರನಿಗೆ ತನ್ನ ಹೊಟ್ಟೆಯಲ್ಲೇ ದಾರ ಎಳೆದ ಹಾಗಾಗುತ್ತಿತ್ತು.

ವೈದ್ಯೆ ಹೇಳಿದ್ದು ಸರಳ. ದಿನಕ್ಕೊಂದು ಮಾತ್ರೆ, ಸ್ವಲ್ಪ ಊಟದ ಜೊತೆ. ಹೊಲಿಗೆ ನೆಕ್ಕಬಾರದು, ಹಾರಬಾರದು, ಮೆಟ್ಟಿಲು ಹತ್ತಿಳಿಯಬಾರದು. ಡೆಲ್ಮರ್ ಮಾತ್ರೆಯನ್ನು ಚೀಸಿನಲ್ಲಿಟ್ಟ. ಮಿಟ್ಸಿ ಚೀಸು ತಿಂದು ಮಾತ್ರೆಯನ್ನು ಅವನ ಚಪ್ಪಲಿಯ ಮೇಲೆ ಇಟ್ಟಳು. ಸಾಸೇಜಿನಲ್ಲಿಟ್ಟ. ಸಾಸೇಜು ಹೋಯಿತು, ಮಾತ್ರೆ ಬಂತು. ಕಡಲೆಕಾಯಿ ಬೆಣ್ಣೆ ಬಳಿದುಕೊಟ್ಟಾಗ ಮಾತ್ರೆಯನ್ನು ಚೊಕ್ಕಟವಾಗಿ ನೆಕ್ಕಿ ಹೊಳಪು ಕೊಟ್ಟು ವಾಪಸ್ ಮಾಡಿದಳು. ಆಮೇಲೆ ಮುಖ ತಿರುಗಿಸಿ ನಿಂತಳು.

ಐದರೊಳಗೆ ಇವಳಿಗೆ ನೋವು ಇಳಿಯಬೇಕು, ಇವಳು ಮಲಗಬೇಕು, ಇವಳನ್ನು ನೋಡಿಕೊಳ್ಳಲು ಯಾರಾದರೂ ಒಪ್ಪಬೇಕು. ಮೊದಲಿನೆರಡು ಕಷ್ಟ; ಮೂರನೆಯದು ಇನ್ನೂ ಕಷ್ಟ. ಏಕೆಂದರೆ ನಾರ್ಬಿಯಲ್ಲಿ ಯಾರನ್ನೂ ಬಾಯಿಬಿಟ್ಟು ಕೇಳುವಂತಿಲ್ಲ. ಅವರೇ "ನಾನು ಮಾಡ್ತೀನಿ" ಎನ್ನಬೇಕು. ಆಗ ಇವನು ಬೇಡ ಎನ್ನಬೇಕು. ಅವರು ಎರಡನೇ ಸಲ ಹೇಳಬೇಕು, ಇವನು ಮತ್ತೆ ಬೇಡ ಎನ್ನಬೇಕು. ಮೂರನೇ ಸಲ ಹೇಳಿದಾಗ ಮಾತ್ರ, ಮನಸ್ಸಿಲ್ಲದವನ ಹಾಗೆ, "ಸರಿ, ನೀವು ಅಷ್ಟು ಹೇಳ್ತೀರಿ ಅಂದ ಮೇಲೆ" ಎನ್ನಬಹುದು. ಮೊದಲ ಸಲಕ್ಕೇ ಹೂಂ ಎಂದವನನ್ನು ಆ ಊರಿನಲ್ಲಿ ಇನ್ನೂ ಯಾರೂ ಕಂಡಿರಲಿಲ್ಲ.

ಒಂಬತ್ತಕ್ಕೆ ಎದುರುಮನೆಯ ಫರ್ನ್ ಲುಂಡೀನ್ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಊರಿನಲ್ಲಿ ಯಾರಿಗೆ ಆಪರೇಷನ್ ಆದರೂ ಒಲೆ ಹಚ್ಚುವವಳು. ಕೈಯಲ್ಲಿ ಹೊಗೆಯಾಡುವ ಹಾಟ್‌ಡಿಶ್ ಪಾತ್ರೆ; ಕೆಳಗೆ ಮಾಂಸ, ತರಕಾರಿ, ಮೇಲೆ ಸಾಲಾಗಿ ಆಲೂಗಡ್ಡೆ ಉಂಡೆ.

"ಅಯ್ಯೋ ಫರ್ನ್, ಯಾಕೆ ತರೋಕೆ ಹೋದ್ರಿ."

"ಏನಿಲ್ಲ ಬಿಡು, ಮಾಡಿದ್ದೆ, ಜಾಸ್ತಿ ಆಯ್ತು."

"ಬೇಡ, ನಂಗೆ ಊಟಕ್ಕೇನೋ ಇದೆ."

"ಇಟ್ಕೋ ಮಾರಾಯ, ತಣ್ಣಗಾಗತ್ತೆ."

"ಸರಿ, ಅಷ್ಟು ಹೇಳ್ತೀರಿ ಅಂದ ಮೇಲೆ."

ಪಾತ್ರೆ ಮೇಜಿಗೆ ಹೋಯಿತು. ಫರ್ನ್ ನಾಯಿಯನ್ನು ನೋಡಿ ಹಣೆ ಚಚ್ಚಿಕೊಂಡಳು. "ಇದೇನು, ಕುತ್ತಿಗೆಗೆ ಬಕೆಟ್ ಹಾಕಿದ್ದೀಯ. ನಮ್ಮ ಹೆರಾಲ್ಡಂದು ಬನಿಯನ್ ತಂದಿದ್ದೀನಿ, ಅದನ್ನ ಹಾಕು. ಹೊಟ್ಟೆ ಮುಚ್ಕೊಳ್ಳುತ್ತೆ, ನೆಕ್ಕಲ್ಲ." ಅವಳ ಗಂಡ ಹೆರಾಲ್ಡ್ ತೀರಿಕೊಂಡು ಆರು ವರ್ಷ. ಡೆಲ್ಮರ್ ಎರಡು ಸಲ ಬೇಡ ಎಂದು ಮೂರನೆಯದಕ್ಕೆ ಒಪ್ಪಿದ. ಆಲಿಕೆ ಬಿಚ್ಚಿ, ಇಬ್ಬರೂ ಮೊಣಕಾಲೂರಿ, ಮಿಟ್ಸಿಗೆ ಬನಿಯನ್ ತೊಡಿಸಿದರು. ಮಿಟ್ಸಿ ಅವರನ್ನು ನೋಡಿದ ನೋಟಕ್ಕೆ ಡೆಲ್ಮರ್ ಕಣ್ಣು ತಪ್ಪಿಸಿದ.

ಆಗ ಫರ್ನ್ ಅವನು ಬೆಳಗಿನಿಂದ ಕಾಯುತ್ತಿದ್ದ ಮಾತನ್ನು ಆಡಿದಳು. "ಮೀನಿಗೆ ಹೋಗೋ ದಿನ ಅಲ್ವಾ ಇವತ್ತು? ಬೇಕಾದ್ರೆ ನಾನಿರ್ತೀನಿ ಇವಳ ಜೊತೆ."

"ಅಯ್ಯೋ, ಬೇಡ ಬೇಡ" ಎಂದ ಡೆಲ್ಮರ್. ಎದೆ ದೋಣಿಯ ಮೋಟಾರಿನಂತೆ ಬಡಿದುಕೊಳ್ಳುತ್ತಿತ್ತು.

"ಏನು ಮಹಾ, ನಾನು ಮನೇಲಿ ಸುಮ್ನೆ ಕೂತಿರ್ತೀನಿ."

"ಛೆ, ನಿಮಗ್ಯಾಕೆ ತೊಂದರೆ."

ಫರ್ನ್ ಮೂರನೇ ಸಲಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಮಿಟ್ಸಿ ಬನಿಯನ್ನಿನ ತೋಳಿನೊಳಗೆ ಮೂರು ಕಾಲು ಸಿಕ್ಕಿಸಿಕೊಂಡು ಮೇಜಿನ ಬಟ್ಟೆಯ ಮೇಲೆ ಒರಗಿದಳು. ಬಟ್ಟೆ ಜಾರಿತು, ಜೊತೆಗೆ ಹಾಟ್‌ಡಿಶ್ಶೂ ಜಾರಿತು. ಡೆಲ್ಮರ್ ಅದನ್ನು ಎರಡೂ ಕೈಯಲ್ಲಿ ಹಿಡಿದ. ಪಾತ್ರೆ ಉಳಿಯಿತು, ಅಂಗೈ ಉಳಿಯಲಿಲ್ಲ. ಆಮೇಲೆ ಮಾತು ಸುಟ್ಟ ಗಾಯದ ಮುಲಾಮಿಗೆ ಹೊರಳಿತು, ಮುಲಾಮಿನಿಂದ ಹೆರಾಲ್ಡನ ಮಂಡಿನೋವಿಗೆ ಹೋಯಿತು, ಅಲ್ಲಿಂದ ಫರ್ನ್ ಮನೆಗೇ ಹೋದಳು. "ಆಗ ಏನೋ ಹೇಳ್ತಿದ್ರಲ್ಲ" ಎಂದು ಕೇಳಬಹುದಿತ್ತು. ಆದರೆ ಅದೂ ಕೇಳಿದಂತೆಯೇ ಅಲ್ಲವೇ. ಡೆಲ್ಮರ್ ಬನಿಯನ್ ಬಿಚ್ಚಿ ಆಲಿಕೆಯನ್ನೇ ಮತ್ತೆ ಹಾಕಿದ.

ಹನ್ನೊಂದಕ್ಕೆ ಹಿಂದಿನ ಬೀದಿಯ ವೆಂಡೆಲ್ ಬ್ರಾಟನ್ ಬಂದ. ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. ಯಾವ ಸಮಸ್ಯೆಗೂ ಅವನ ಹತ್ತಿರ ಒಂದು ಹಲಗೆ ಇರುತ್ತಿತ್ತು. ಇವತ್ತಿನದು ಎಂಟು ಅಡಿ ಉದ್ದದ್ದು. "ಹಿತ್ತಿಲಿಗೆ ಮೂರು ಮೆಟ್ಟಿಲು ಇದೆ ನಿಂಗೆ. ನಾಯಿ ಇಳಿಯಬಾರದು. ಇಳಿಜಾರು ಮಾಡ್ಕೊಂಡು ಬಂದಿದ್ದೀನಿ."

ಬೇಡ, ಬೇಡ, ಸರಿ. ಹಲಗೆ ಕೂತಿತು. ವೆಂಡೆಲ್ ಜೇಬಿನಿಂದ ತನ್ನ ಬೆನ್ನುನೋವಿನ ಮಾತ್ರೆಯನ್ನೂ ತೆಗೆದ. "ಇದೊಂದರ್ಧ ಕೊಡು ಅವಳಿಗೆ, ಕುದುರೆಗೂ ಆಗುತ್ತೆ."

"ಮನುಷ್ಯರ ಮಾತ್ರೆ ನಾಯಿಗೆ ವಿಷ ಅಂತ ಡಾಕ್ಟರಮ್ಮ ಹೇಳಿದ್ದಾರೆ."

"ಡಾಕ್ಟರಮ್ಮಂಗೆ ಬೆನ್ನುನೋವು ಬಂದಿದ್ಯಾ? ಇಟ್ಕೋ."

ಮೂರನೇ ಸಲಕ್ಕೆ ಡೆಲ್ಮರ್ ಇಸಿದುಕೊಂಡು ತನ್ನ ಜೇಬಿನ ತಳಕ್ಕೆ ತುರುಕಿದ. ನಾಯಿಗೆ ಕೊಡುವ ಪ್ರಶ್ನೆಯೇ ಇರಲಿಲ್ಲ. ವೆಂಡೆಲನ ಮುಖ ಸಣ್ಣದಾಗಬಾರದು ಅಷ್ಟೇ.

ಮಿಟ್ಸಿ ಹಲಗೆಯ ತುದಿಯಲ್ಲಿ ನಿಂತು ಕದಲಲಿಲ್ಲ. "ನೀನು ಇಳಿದು ತೋರ್ಸು, ನೋಡಿ ಕಲೀತಾಳೆ" ಎಂದ ವೆಂಡೆಲ್. ಡೆಲ್ಮರ್ ನಡೆದು ಇಳಿದ. "ಹಾಗಲ್ಲ, ನಾಯಿ ಥರ." ಎರಡು ಸಲ ಬೇಡವೆಂದ ಡೆಲ್ಮರ್ ಕೊನೆಗೆ ನಾಲ್ಕು ಕಾಲಲ್ಲಿ ಹೊರಟ. ಹೊಸದಾಗಿ ವಾರ್ನಿಷ್ ಬಳಿದ ಹಲಗೆ. ಅವನು ಕೆಳಗೆ ತಲುಪಿದ್ದು ಅಂದುಕೊಂಡದ್ದಕ್ಕಿಂತ ಬೇಗ, ಹೂವಿನ ಪಾತಿಯೊಳಕ್ಕೆ. ಮಿಟ್ಸಿ ಮೇಲಿನಿಂದ ಬಗ್ಗಿ ನೋಡಿ ಬಾಲವನ್ನು ಒಂದೇ ಒಂದು ಸಲ ಆಡಿಸಿದಳು. ಅವತ್ತಿನ ಮಟ್ಟಿಗೆ ಅವಳ ಮೊದಲ ಸಂತೋಷ ಅದು. ಆಮೇಲೆ ಇಪ್ಪತ್ತೈದು ಕಿಲೋ ನಾಯಿಯನ್ನು ಹೊಲಿಗೆಗೆ ತಾಗದಂತೆ ಡೆಲ್ಮರ್ ಎತ್ತಿಕೊಂಡೇ ಇಳಿಸಿದ, ಎತ್ತಿಕೊಂಡೇ ಹತ್ತಿಸಿದ. ವೆಂಡೆಲನ ಬೆನ್ನಿನ ಮಾತ್ರೆ ತನಗೇ ಆದೀತು ಎಂದುಕೊಂಡ.

ಎರಡು ಗಂಟೆಗೆ ಬಾಗಿಲು ತಟ್ಟದೆಯೇ ಒಳಗೆ ಬಂದವಳು ಪಕ್ಕದ ಮನೆಯ ಜೀನಾ ಕಾರ್ಬೋನಿ. ಜನವರಿಯಲ್ಲಿ ನ್ಯೂಜೆರ್ಸಿಯಿಂದ ಬಂದು ನಾರ್ಬಿಯ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದ ಹೆಂಗಸು. ಮನಸ್ಸಿನಲ್ಲಿದ್ದದ್ದು ನೇರ ಬಾಯಿಗೆ ಬರುತ್ತಿದ್ದುದರಿಂದ ಊರಿಗೆ ಅವಳನ್ನು ಕಂಡರೆ ಸ್ವಲ್ಪ ಭಯ.

"ಬೆಳಿಗ್ಗೆಯಿಂದ ನಾಯಿ ಅಳೋದು ಕೇಳಿಸ್ತಿದೆ. ಏನು ಮಾಡ್ತಿದ್ದೀರಿ ಅದಕ್ಕೆ?"

ಡೆಲ್ಮರ್ ಮಾತ್ರೆ ತೋರಿಸಿದ. ಅವಳು ಬೇಡ-ಬೇಕು ಏನನ್ನೂ ಕೇಳಲಿಲ್ಲ. ರೇಡಿಯೋ ಆರಿಸಿದಳು, ಪರದೆ ಎಳೆದಳು, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಮೂಲೆಯಲ್ಲಿ ಹಾಸಿದಳು. ಅನ್ನ ಬೇಯಿಸಿ, ಕೋಳಿ ಬೇಯಿಸಿ, ನಾಲ್ಕು ಸಣ್ಣ ಉಂಡೆ ಕಟ್ಟಿ ನೆಲದ ಮೇಲೆ ಕೂತಳು. ಮೊದಲ ಉಂಡೆ ಬರೀ ಉಂಡೆ. ಎರಡನೆಯದೂ ಅಷ್ಟೇ. ಮೂರನೆಯದರಲ್ಲಿ ಮಾತ್ರೆ, ಅದನ್ನು ಕೊಡುವಾಗಲೇ ನಾಲ್ಕನೆಯದನ್ನು ಮಿಟ್ಸಿಯ ಮೂಗಿನ ಮುಂದೆ ಹಿಡಿದಳು. ಎಲ್ಲಿ ಅದು ತಪ್ಪಿಹೋಗುತ್ತದೋ ಎಂದು ಮಿಟ್ಸಿ ಮೂರನೆಯದನ್ನು ಅಗಿಯದೇ ನುಂಗಿದಳು.

"ಅಷ್ಟೇನಾ?" ಎಂದ ಡೆಲ್ಮರ್.

"ಅಷ್ಟೇ. ಹಲ್ಲು ಕೀಳಿಸ್ಕೊಳ್ಳೋಕೆ ಬರೋರಿಗಿಂತ ನಾಯಿ ವಾಸಿ."

ಮುಕ್ಕಾಲು ಗಂಟೆಯಲ್ಲಿ ನಡುಕ ನಿಂತಿತು. ಮಿಟ್ಸಿ ಸುತ್ತ ಒಂದು ಸಲ ತಿರುಗಿ, ಮೆಲ್ಲಗೆ ಹಿಂದಿನ ಕಾಲು ಮಡಚಿ, ಕೊನೆಗೂ ಮಲಗಿದಳು. ಆಲಿಕೆ ಸಮೇತ ತಲೆಯನ್ನು ಜೀನಾಳ ಪಾದದ ಮೇಲಿಟ್ಟು ಉದ್ದನೆಯ ಉಸಿರು ಬಿಟ್ಟಳು. ಡೆಲ್ಮರನ ಕಣ್ಣು ತುಂಬಿತು. ಅವನಿಗೆ ಆ ನಾಯಿಯ ಮೇಲೆ ಅಷ್ಟು ಪ್ರೀತಿ ಇತ್ತು. ಹೇಳಿಕೊಳ್ಳುವ ಅಭ್ಯಾಸ ಇರಲಿಲ್ಲ ಅಷ್ಟೇ. ಅವನು ಸಿಂಕಿನ ಕಡೆ ತಿರುಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದ.

"ನಿಮ್ಮದೇನೋ ಮೀನಿನ ಹಬ್ಬ ಅಂತೆ" ಎಂದಳು ಜೀನಾ. "ನಂಗೆ ಭಾನುವಾರದ ತನಕ ಏನೂ ಕೆಲಸ ಇಲ್ಲ. ಇವಳನ್ನ ನಾನು ನೋಡ್ಕೋತೀನಿ. ನೀವು ಹೋಗಿ ಬನ್ನಿ."

ಡೆಲ್ಮರನ ಕಣ್ಣಿಗೆ ದೋಣಿ ಕಂಡಿತು, ನಡುವಿನ ಹಲಗೆ ಕಂಡಿತು, ನೀರಿನ ಮೇಲಿನ ಬೆಳಗಿನ ಮಂಜೂ ಕಂಡಿತು. "ಅಯ್ಯೋ, ಬೇಡ ಬೇಡ" ಎಂದಿತು ಅವನ ಬಾಯಿ. "ನಿಮಗ್ಯಾಕೆ ತೊಂದರೆ."

"ಸರಿ" ಎಂದಳು ಜೀನಾ. ಪಾದ ಬಿಡಿಸಿಕೊಂಡು, ಮೊಣಕಾಲು ಒರೆಸಿಕೊಂಡು ಹೊರಟೇ ಹೋದಳು.

ಎರಡನೇ ಬೇಡವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಡೆಲ್ಮರ್ ಬಾಗಿಲಲ್ಲೇ ನಿಂತ. ಅವಳು ಅಂಗಳ ದಾಟಿದಳು, ಬೇಲಿಯ ಹತ್ತಿರ ತಿರುಗಿಯಾದರೂ ನೋಡಲಿಲ್ಲ. ಅವಳ ಮನೆಯ ಬಾಗಿಲು ಹಾಕಿಕೊಂಡ ಸದ್ದಾಯಿತು. ಅವಳು ಸರಿ ಅಂದರೆ ಸರಿ ಎಂದೇ ಅರ್ಥ ಎನ್ನುವುದು ಅವನಿಗೆ ಹೊಳೆಯಲು ಹತ್ತು ನಿಮಿಷ ಬೇಕಾಯಿತು.

ಮೂರೂವರೆಗೆ ಮರ್ಲ್ ಫೋನ್ ಮಾಡಿದ. "ಏನೋ, ಬರ್ತೀಯೋ?"

"ಮಿಟ್ಸಿ ಇದ್ದಾಳಲ್ಲಪ್ಪ."

"ಹಂಗಾದ್ರೆ ನಿನ್ನ ಜಾಗ ಖಾಲಿ." ಮರ್ಲ್‌ನ ದನಿ ಕುಗ್ಗಿತ್ತು. "ನಲವತ್ತೊಂದು ವರ್ಷ ಆಯ್ತಲ್ಲೋ."

ಡೆಲ್ಮರ್ ಫೋನಿಟ್ಟ. ಒಂದು ಗಂಟೆ ಕಾಲ ಅಡುಗೆಮನೆಯಲ್ಲಿ ಶತಪಥ ಹಾಕಿದ. ಕೊನೆಗೆ ಜೀವಮಾನದಲ್ಲಿ ಮಾಡದ ತೀರ್ಮಾನವೊಂದನ್ನು ಮಾಡಿದ: ಬಾಯಿಬಿಟ್ಟು ಕೇಳುವುದು. ಮಲಗಿದ್ದ ಮಿಟ್ಸಿಯ ಮುಂದೆ ನಿಂತು ಅಭ್ಯಾಸ ಮಾಡಿದ. "ನಂಗೆ ಹೋಗ್ಬೇಕು. ನೀವು ನೋಡ್ಕೊಳ್ತೀರಾ?" ಮೊದಲ ಸಲ ಕೆಮ್ಮು ಬಂತು. ಮೂರನೇ ಸಲಕ್ಕೆ ಮುಖ ಕೆಂಪಾಯಿತು. ಆರನೇ ಸಲಕ್ಕೆ ಮಾತು ಪೂರ್ತಿ ಹೊರಗೆ ಬಂತು. ಮಿಟ್ಸಿ ಒಂದು ಕಣ್ಣು ತೆರೆದು ಮುಚ್ಚಿದಳು. ಐದಕ್ಕೆ ಕಾಲು ಗಂಟೆ ಇತ್ತು.

ಜೀನಾ ಬಾಗಿಲು ತೆಗೆದಾಗ ಅವಳ ಕಾಲಲ್ಲಿ ರಬ್ಬರ್ ಬೂಟು, ಹೆಗಲಲ್ಲಿ ಚೀಲ.

"ಬನ್ನಿ, ಒಳ್ಳೇ ಹೊತ್ತಿಗೆ ಬಂದ್ರಿ. ನಿಮ್ಮ ಸ್ನೇಹಿತರು ಮರ್ಲ್ ಈಗಷ್ಟೆ ಪೆಟ್ರೋಲ್ ಬಂಕಲ್ಲಿ ಸಿಕ್ಕಿದ್ರು. ದೋಣೀಲಿ ಜಾಗ ಖಾಲಿ ಇದೆ, ಬೇಕಾದ್ರೆ ನೀವೂ ಬರಬಹುದು ಅಂದ್ರು. ಬರ್ತೀನಿ ಅಂದೆ. ಪಾಪ, ಸಂತೋಷಕ್ಕೆ ಅವರಿಗೆ ಮಾತೇ ಹೊರಡಲಿಲ್ಲ."

ಮರ್ಲ್‌ಗೆ ಮಾತು ಯಾಕೆ ಹೊರಡಲಿಲ್ಲ ಎಂದು ಡೆಲ್ಮರನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೂ ಹೊರಡಲಿಲ್ಲ.

"ನೀವೇನೋ ಹೇಳೋಕೆ ಬಂದ್ರಲ್ಲ?"

"ನಂಗೆ" ಎಂದ ಡೆಲ್ಮರ್. "ನಂಗೆ ಹೋಗ್ಬೇಕು ಅನ್ಸಿತ್ತು."

ಹೇಳಿಯೇಬಿಟ್ಟ. ಜೀನಾ ಹುಬ್ಬು ಏರಿಸಿದಳು. "ಅದನ್ನ ಆಗ್ಲೇ ಹೇಳಬಾರದಿತ್ತಾ? ನೀವೇ ಹೋಗಿ. ನಾನು ಮಿಟ್ಸಿ ಹತ್ರ ಇರ್ತೀನಿ, ನಂಗೇನೂ ಬೇಜಾರಿಲ್ಲ." ಚೀಲವನ್ನು ಹೆಗಲಿಂದ ಇಳಿಸಿಯೂ ಬಿಟ್ಟಳು.

ಅಭ್ಯಾಸ ಮಾಡಿದ್ದು ಆರು ಸಲ. ಅದಕ್ಕೆ ಎದುರಾಗಿ ಅರವತ್ತಾರು ವರ್ಷ. "ಅಯ್ಯೋ, ಬೇಡ ಬೇಡ" ಎಂದ ಡೆಲ್ಮರ್. "ನೀವು ಹೊರಟು ನಿಂತಿದ್ದೀರಿ."

ಹೇಳಿದ ಕೂಡಲೇ ಅವನಿಗೆ ಗೊತ್ತಾಯಿತು. ಆದರೆ ಜೀನಾ ಆಗಲೇ "ಸರಿ" ಎಂದು ಚೀಲ ಏರಿಸಿಕೊಂಡಿದ್ದಳು. "ಗಾಳ ಇದ್ರೆ ಒಂದು ಕೊಡಿ, ನನ್ನ ಹತ್ರ ಇಲ್ಲ."

ಐದಕ್ಕೆ ಸರಿಯಾಗಿ ಟ್ರಕ್ಕು ಬಂತು. ಡೆಲ್ಮರನ ಗಾಳ, ಡೆಲ್ಮರನ ಪೆಟ್ಟಿಗೆ, ಜೀನಾಳ ಚೀಲ ಹಿಂದಕ್ಕೆ ಹೋದವು. ಸ್ಟೀರಿಂಗ್ ಹಿಡಿದು ಕೂತ ಮರ್ಲ್ ಡೆಲ್ಮರನನ್ನು ನೋಡಿದ, ಡೆಲ್ಮರ್ ಮರ್ಲ್‌ನನ್ನು ನೋಡಿದ. ಇಬ್ಬರೂ ನಾರ್ಬಿಯವರು. ಏನೂ ಹೇಳುವಂತಿರಲಿಲ್ಲ.

ಟ್ರಕ್ಕು ತಿರುವಿನಲ್ಲಿ ಮರೆಯಾದ ಮೇಲೆ ಡೆಲ್ಮರ್ ಒಳಗೆ ಬಂದು ಮಿಟ್ಸಿಯ ಪಕ್ಕ ನೆಲದ ಮೇಲೆ ಕೂತ. ತಣ್ಣಗಾದ ಹಾಟ್‌ಡಿಶ್ಶನ್ನು ಪಾತ್ರೆಯಿಂದಲೇ ತಿಂದ. ಬೇಜಾರಾಗಿತ್ತು, ಬಹಳ ಬೇಜಾರಾಗಿತ್ತು. ಆದರೆ ನಾಯಿ ನಡುಗುತ್ತಿರಲಿಲ್ಲ. ಎಚ್ಚರವಾಗಿ, ಆಲಿಕೆಯ ಆಳದಿಂದ ಅವನನ್ನೇ ನೋಡುತ್ತಿತ್ತು.

ಅವನು ಜೀನಾ ಬೇಯಿಸಿಟ್ಟಿದ್ದ ಕೋಳಿಯ ಒಂದು ಚೂರು ಹಿಡಿದ. ಮಿಟ್ಸಿ ಮುಖ ತಿರುಗಿಸಿದಳು.

"ತಗೋ" ಎಂದು ಮತ್ತೆ ಹಿಡಿದ. ಅವಳು ಗೋಡೆ ನೋಡಿದಳು.

ಡೆಲ್ಮರ್ ಸ್ವಲ್ಪ ಹೊತ್ತು ಅವಳನ್ನೇ ನೋಡಿದ. "ತಗೋಳಮ್ಮ, ತಣ್ಣಗಾಗತ್ತೆ" ಎಂದು ಮೂರನೇ ಸಲ ಹಿಡಿದ.

ಮಿಟ್ಸಿ, ಮನಸ್ಸಿಲ್ಲದವಳ ಹಾಗೆ, ಅದನ್ನು ಅವನ ಕೈಯಿಂದ ತೆಗೆದುಕೊಂಡಳು.