ಸೂರ್ಯ, ನಾನು ಮತ್ತು ಒಂದು ಆಡು

೧೯೮೭ರಲ್ಲಿ, ಏಳನೆಯ ತರಗತಿಯ ನಟ್ಟನಡುವೆ, ನಾನು ಶಾಲೆಯನ್ನು ಬಿಟ್ಟೆ. ಶಾಲೆಯೇ ನನ್ನನ್ನು ಬಿಟ್ಟಿತು ಎಂದು ಹೇಳುವವರೂ ಇದ್ದಾರೆ. ಅವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ದೇಸೂರಿನಿಂದ ದಿನಾ ಬೆಳಗಾವಿಗೆ ಬಂದು ಮೋಟಾರ್ ಸುತ್ತುವ ಕೆಲಸ ಕಲಿತೆ. ಸುಟ್ಟುಹೋದ ಮೋಟಾರಿನ ಹಳೆಯ ತಂತಿ ಕಿತ್ತು, ಹೊಸ ತಂತಿ ಸುತ್ತಿ, ಅದಕ್ಕೆ ಮತ್ತೆ ಜೀವ ಬರಿಸುವುದು. ಮುಂದೆ ಸ್ವಂತ ಅಂಗಡಿಯಾಯಿತು. ಇಂದು ಬೆಳಗಾವಿಯಿಂದ ಖಾನಾಪುರದವರೆಗೆ ನಾನು ಸುತ್ತಿದ ಮೋಟಾರು ನೀರೆತ್ತದ ಊರಿಲ್ಲ. ಇದು ಬಡಾಯಿಯಲ್ಲ. ಬಡಾಯಿಯೇ ಆದರೂ ದುಡಿದು ಗಳಿಸಿದ ಬಡಾಯಿ!

ನನ್ನ ಮಗಳು ಗಿರಿಜಾ ಖಾನಾಪುರದ ಆಚೆ ಒಂದು ಹಳ್ಳಿಯ ಶಾಲೆಯಲ್ಲಿ ವಿಜ್ಞಾನದ ಟೀಚರ್. ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ಒಂದು ರವಿವಾರ ಚಹಾ ಕುಡಿಯುತ್ತ ಹೇಳಿದಳು, "ಸಾಲ್ಯಾಗ ಹುಡುಗೂರಿಗೆ ಕರೆಂಟಿನ ಬಗ್ಗೆ ಕಾರ್ಯಕ್ರಮ ಇಟ್ಟೀನಿ ಅಪ್ಪಾಜಿ. ಬಿಸಿಲಿನ ಕರೆಂಟು, ಗಾಳಿ ಕರೆಂಟು, ಗೋಬರ್ ಗ್ಯಾಸು, ಎಲ್ಲಾ ತೋರಸೂದು. ಹೇಳಾಕ ಕಾಲೇಜಿನಿಂದ ಒಬ್ರು ಲೆಕ್ಚರರ್ ಬರಾವ್ರ ಅದಾರ."

ನನ್ನ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು.

"ಲೆಕ್ಚರರ್? ಅವಗ ಒಮ್ಮೆರೆ ಕರೆಂಟ್ ಹೊಡದೈತೇನು?"

"ಅದೇನ್ ಅರ್ಹತಾ ಅಲ್ಲ, ಅಪ್ಪಾಜಿ."

"ಅದ ಖರೇ ಅರ್ಹತಾ! ನನಗ ಎಷ್ಟ ಸಲ ಹೊಡದೈತಿ, ನಿಮ್ಮವ್ವನ್ನ ಕೇಳು."

ಒಳಗಿನಿಂದ ಹೆಂಡತಿ ಶಾಂತಾ ಕೂಗಿದಳು, "ಹೌದವಾ, ಅದಕ್ಕ ಹಿಂಗ ಆಗ್ಯಾರ ನೋಡು!"

ಎರಡು ದಿನ ಬಿಡದೆ ಪೀಡಿಸಿದ ಮೇಲೆ ಗಿರಿಜಾ ಒಪ್ಪಿದಳು. ಹೆಡ್‌ಮಾಸ್ತರರ ಮುಂದೆ ತಾನೇ ಹೊಣೆ ಹೊತ್ತು ಲೆಕ್ಚರರನ್ನು ಬೇಡವೆಂದಳು. ಆದರೆ ಒಂದು ಷರತ್ತು ಹಾಕಿದಳು.

"ನೀವು ನಮ್ಮಪ್ಪ ಅಂತ ಮೊದಲ ಹೇಳಂಗಿಲ್ಲ. ಕಾರ್ಯಕ್ರಮ ಛಂದಾಗಿ ಮುಗೀಲಿ, ಆಮ್ಯಾಲೆ ನಾನ ಹೇಳ್ತೀನಿ. ತಾಲೂಕಿನಿಂದ ಸಾಹೇಬರು ಬರ್ತಾರ. ನಂದು ಮೊದಲನೇ ಕಾರ್ಯಕ್ರಮ ಐತಿ."

ಆಗಲಿ ಎಂದು ನಕ್ಕೆ. ರಾತ್ರಿ ನಿದ್ದೆ ಮಾತ್ರ ಬರಲಿಲ್ಲ. ಮಗಳು ಮೈಕಿನಲ್ಲಿ "ಇವರು ನಮ್ಮಪ್ಪ" ಎನ್ನಬೇಕು. ಹಾಗೆ ಅನ್ನುವಂಥ ಕಾರ್ಯಕ್ರಮ ಮಾಡಬೇಕು. ಮೋಟಾರು ನನಗೆ ಮನೆಮಗ. ಈ ಸೋಲಾರ್ ಮಾತ್ರ ಹೊಸ ಬೀಗ. ಆದರೂ ಬೀಗರನ್ನು ಸಂಭಾಳಿಸಿ ಗೊತ್ತಿಲ್ಲದವನೇ ನಾನು?

ನಮ್ಮ ಅಂಗಡಿಯ ಬಾಜೂಕ್ಕೆ ಪದ್ಮಣ್ಣನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಅವರ ಅಜ್ಜನ ಕಾಲದಿಂದಲೂ ಅಲ್ಲೇ ವ್ಯಾಪಾರ ಮಾಡುವ ಜೈನರ ಮನೆತನ. ಅವನು ಒಂದು ಸೋಲಾರ್ ಪ್ಲೇಟು, ಒಂದು ಸಣ್ಣ ಪಂಪು ಎರವಲು ಕೊಟ್ಟ.

"ಅಣ್ಣಾರ, ಒಂದ ಮಾತು ನೆನಪ ಇಡ್ರಿ. ಈ ಪ್ಲೇಟಿಗೆ ನೆರಳ ಆಗಿ ಬರೂದಿಲ್ಲ. ಒಂದು ಮೂಲ್ಯಾಗ ಬಿದ್ರೂ ಸಿಟ್ಟ ಮಾಡ್ಕೊಂಡು ಕುಂದರತೈತಿ."

"ಪದ್ಮಣ್ಣಾ, ನನಗ ಹೇಳಾಕ ಬಂದೀ?"

ಅಂದೇ ಏಣಿ ಹಚ್ಚಿ ಅಂಗಡಿಯ ಮಾಳಿಗೆಯ ಮೇಲೆ ಪ್ಲೇಟು ಇಟ್ಟು ಪಂಪು ನಡೆಸಿ ನೋಡಿದೆ. ಬಕೆಟಿನ ನೀರು ಬೀದಿಯ ತನಕ ಹಾರಿತು. ಇನ್ನೇನು ಬೇಕು!

ಕಾರ್ಯಕ್ರಮದ ದಿನ ಬೆಳಗ್ಗೆ ಪೂಜೆ. ನಮ್ಮ ಕಸುಬಿನಲ್ಲಿ ಹೊಸ ಯಂತ್ರವನ್ನು ಹಾಗೇ ಚಾಲೂ ಮಾಡುವ ಪದ್ಧತಿಯಿಲ್ಲ. ವಿಭೂತಿ, ಕುಂಕುಮ, ಹಾರ ಆಗಲೇಬೇಕು. ಕೆಲಸ ಮುಗಿಯುವತನಕ ಹಾರಕ್ಕೆ ಕೈ ಹಚ್ಚುವಂತಿಲ್ಲ. ಇಷ್ಟು ವರ್ಷಗಳಲ್ಲಿ ಹಾರ ಹಾಕಿಕೊಂಡು ಓಡಲಾರೆ ಎಂದ ಒಂದು ಮೋಟಾರನ್ನೂ ನಾನು ಕಂಡಿಲ್ಲ. ಶಾಂತಾ ಬೈಯುತ್ತಲೇ ಭಕ್ತಿಯಿಂದ ಪೂಜೆ ಮಾಡಿದಳು. ಪ್ಲೇಟಿನ ಚೌಕಟ್ಟಿಗೆ ಆ ಅಂಚಿನಿಂದ ಈ ಅಂಚಿನವರೆಗೆ ಮೂರು ಬೆರಳಿನ ವಿಭೂತಿ ಎಳೆದಳು. ಮಣಿಕಟ್ಟಿನಷ್ಟು ದಪ್ಪದ ಚೆಂಡು ಹೂವಿನ ಹಾರ ತಂದು, ಗಾಡಿಯ ಗಾಳಿಗೆ ಹಾರಿಹೋಗದಂತೆ ಮೇಲಿನ ಎರಡೂ ಮೂಲೆಗೆ ಬಿಗಿದು ಕಟ್ಟಿದಳು. ಹಾರ ಪ್ಲೇಟಿನ ಎದೆಯ ಮೇಲೆ ತೂಗಿತು. ಮದುಮಗನ ಹಾಗೆ ಕಾಣುತ್ತಿತ್ತು!

ಶಾಲೆಯ ಅಂಗಳದಲ್ಲಿ ಸಕಲ ಸಿದ್ಧತೆಯಾಗಿತ್ತು. ಬ್ಯಾನರಿನ ಮೇಲೆ ನನ್ನ ಹೆಸರು, ಅದರ ಮುಂದೆ 'ಸಂಪನ್ಮೂಲ ವ್ಯಕ್ತಿ' ಎಂದು ದಪ್ಪಕ್ಷರ. ಕುರ್ಚಿಯಲ್ಲಿ ತಾಲೂಕಿನ ಸಾಹೇಬರು, ಪಕ್ಕದಲ್ಲಿ ಹೆಡ್‌ಮಾಸ್ತರರು, ನೆಲದ ಮೇಲೆ ಮಕ್ಕಳು. ಆಕಾಶದಲ್ಲಿ ಒಂದು ಚೂರೂ ಮೋಡವಿಲ್ಲ. ಪ್ಲೇಟನ್ನು ಬೆಂಚಿಗೆ ಆನಿಸಿ, ಪಂಪನ್ನು ನೀರಿನ ಡ್ರಮ್ಮಿನೊಳಗೆ ಇಳಿಸಿ, ಪೈಪು ಕೈಯಲ್ಲಿ ಹಿಡಿದು ಪಾಠ ಆರಂಭಿಸಿದೆ.

"ಕರೆಂಟು ಎಲ್ಲಿಂದ ಬರತೈತಿ?"

"ಕಂಬದಿಂದ ರೀ!"

"ಕಂಬಕ್ಕ ಎಲ್ಲಿಂದ ಬರತೈತಿ?"

"ಹಿಂದಿನ ಕಂಬದಿಂದ ರೀ!"

ತಪ್ಪೆನ್ನಲು ಬರುವಂತಿರಲಿಲ್ಲ. ಮುಂದುವರಿಸಿದೆ. "ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡ್ತಾರ. ಅದು ಒಂದಿನ ಮುಗದು ಹೋಗತೈತಿ. ಬಿಸಿಲು ಮುಗಿಯಂಗಿಲ್ಲ. ಗಾಳಿ ಮುಗಿಯಂಗಿಲ್ಲ. ಸಗಣಿ ಅಂತೂ ಮುಗಿಯೂ ಮಾತ ಇಲ್ಲ!" ಮಕ್ಕಳು ಬಿದ್ದು ಬಿದ್ದು ನಕ್ಕರು. ಸಾಹೇಬರೂ ನಕ್ಕರು. ಗಿರಿಜಾಳ ಮುಖ ಅರಳಿತು.

"ಈಗ ನೋಡ್ರಿ, ಸೂರ್ಯ ಬಂದು ನಿಮಗ ನೀರ ಹಾಕ್ತಾನ!" ಎಂದು ಸ್ವಿಚ್ ಒತ್ತಿದೆ.

ಸೂರ್ಯ ಏನೂ ಹಾಕಲಿಲ್ಲ. ಪಂಪು ಗುಟುಕ್ ಎನ್ನಲೂ ಇಲ್ಲ.

ನಾನು ಗಾಬರಿಯಾಗಲಿಲ್ಲ. ಪದ್ಮಣ್ಣನ ಮಾತು ನೆನಪಿತ್ತಲ್ಲ! "ಇದಕ್ಕ ನೆರಳ ವೈರಿ. ಮುಂದ ಕುಂತವರು ಹಿಂದ ಸರೀರಿ," ಎಂದೆ. ಮಕ್ಕಳು ಸರಿದರು. ಪಂಪು ಸುಮ್ಮನಿತ್ತು. ಧ್ವಜದ ಕಂಬದ ನೆರಳು ಹತ್ತಿರ ಬಂದಂತೆ ಕಂಡಿತು. ಬೆಂಚು ಸಮೇತ ಪ್ಲೇಟನ್ನು ವೈರು ಎಟಕುವಷ್ಟು ದೂರ ಹೊತ್ತೆ. ಅಲ್ಲೂ ಅಷ್ಟೇ. ಬೇವಿನ ಮರದ ಒಂದು ಟೊಂಗೆಯ ಮೇಲೆ ಅನುಮಾನ ಬಂದು ಅದನ್ನು ಮುರಿಸಿದೆ. ಕೊನೆಗೆ ಹೆಡ್‌ಮಾಸ್ತರರಿಗೇ ಕೈ ಮುಗಿದು ಹೇಳಿದೆ, "ಸರ್, ತಮ್ಮ ನೆರಳ ಸ್ವಲ್ಪ ಉದ್ದ ಐತ್ರಿ. ತಾವು ಕುಂದರ್ರಿ."

ಅವರು ಕುಳಿತರು. ಪಂಪೂ ಕುಳಿತೇ ಇತ್ತು.

ಅಷ್ಟರಲ್ಲಿ ಐದನೆಯ ತರಗತಿಯ ಅಷ್ಟೂ ಮಕ್ಕಳು ಕೈ ಎತ್ತಿದರು. ಇಂಥ ಹೊತ್ತಿನಲ್ಲಿಯೇ ಇವರಿಗೆ ಅವಸರವಾಗಬೇಕೆ! "ಆತು, ಸಾಲ ಹಚ್ಚಿ ಒಂದಕ್ಕ ಹೋಗಿ ಬರ್ರಿ," ಎಂದು ಕಳಿಸಿದೆ. ಪಾಪ, ಅವರು ಮುಖ ಮುಖ ನೋಡಿಕೊಂಡು ಹೋಗಿ ಬಂದರು. ಬಂದವರು ಮತ್ತೆ ಕೈ ಎತ್ತಿದರು! "ಪ್ರಶ್ನೆ ಏನಿದ್ರೂ ಕಡೀಕ," ಎಂದು ಗದರಿದೆ.

ವೈರು ಬಿಚ್ಚಿ ಜೋಡಿಸಿದೆ. ಪಂಪನ್ನು ಹೊರತೆಗೆದು ಅಲುಗಾಡಿಸಿದೆ. ಸಾಹೇಬರು ಗಡಿಯಾರ ನೋಡಿಕೊಂಡರು. ಹೆಡ್‌ಮಾಸ್ತರರು ಗಿರಿಜಾಳ ಕಡೆ ಬಾಗಿ ಮೆತ್ತಗೆ ಅಂದರು, "ಲೆಕ್ಚರರ್ ಬಂದಿದ್ರ ಛಲೋ ಇತ್ತಲ್ರಿ ಟೀಚರ್."

ಮೆತ್ತಗಿದ್ದರೂ ನನಗೆ ಕೇಳಿಸಿತು. ಗಿರಿಜಾ ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತಿದ್ದಳು. ನನ್ನ ಹಟಕ್ಕೆ ಅವಳು ತಲೆ ತಗ್ಗಿಸಿದ್ದಳು. ಯಾವ ಕರೆಂಟೂ ನನಗೆ ಅಷ್ಟು ಜೋರಾಗಿ ಹೊಡೆದಿರಲಿಲ್ಲ.

ಬುದ್ಧಿ ಪೂರ್ತಿ ಕೈಕೊಟ್ಟಿತು. ಪಂಪು ತಿರುಗುತ್ತಲೇ ಇಲ್ಲ ಎನ್ನುವುದನ್ನೂ ಮರೆತು, ಪೈಪಿನಲ್ಲಿ ಕಸ ಸಿಕ್ಕಿರಬೇಕೆಂದು ತೀರ್ಮಾನಿಸಿದೆ. ಪಂಪನ್ನು ಡ್ರಮ್ಮಿಗೆ ಇಳಿಸಿ, ಪೈಪಿನ ಬಾಯಿಗೆ ಕಣ್ಣು ಹಚ್ಚಿ ಒಳಗೆ ಇಣುಕಿದೆ.

ಆಗ ನನ್ನ ಬೆನ್ನ ಹಿಂದೆ ನಡೆದದ್ದನ್ನು ಇಡೀ ಶಾಲೆ ನೋಡಿತು, ನಾನೊಬ್ಬನ ಹೊರತು. ಗೇಟಿನಿಂದ ಒಂದು ಆಡು ಬಂತು. ಪ್ಲೇಟಿನ ಮುಂದೆ ನಿಂತಿತು. ಚೆಂಡು ಹೂವಿನ ಹಾರವನ್ನು ಒಂದು ತುದಿಯಿಂದ ಹಿಡಿದು ಎಳೆದುಕೊಂಡು, ಬಾಜೂಕ್ಕೆ ಸರಿದು ಶಾಂತವಾಗಿ ಅಗಿಯತೊಡಗಿತು.

ಪಂಪು ಗುರ್ ಎಂದಿತು. ನನ್ನ ಕಣ್ಣು, ಮೂಗು, ಬಾಯಿ, ಹೊಸ ಅಂಗಿ, ಎಲ್ಲದಕ್ಕೂ ಒಮ್ಮೆಲೇ ನೀರು! ಕೈ ಜಾರಿದ ಪೈಪು ಹಾವಿನ ಹಾಗೆ ಹೊರಳಿ ಸಾಹೇಬರ ಬೂಟಿಗೆ ಅಭಿಷೇಕ ಮಾಡಿತು.

"ಅಗ ಬಾಯಿ, ಮಾಝೀ ಶೆಳೀ!" ಎಂದು ಮರಾಠಿಯಲ್ಲಿ ತನ್ನ ಆಡಿಗಾಗಿ ಕೂಗುತ್ತ, ಅದರ ಒಡತಿಯಾದ ಮುದುಕಿ ಕೋಲು ಹಿಡಿದು ಓಡಿ ಬಂದಳು.

"ಆಯೀ, ಓಡಿಸಬ್ಯಾಡ್ರಿ ಅದನ್ನ!" ಎಂದು ಗಿರಿಜಾ ಎದ್ದು ಬಂದಳು. ಆಡು ಇನ್ನೊಂದು ಹೂವಿನ ಆಸೆಗೆ ಪ್ಲೇಟಿನ ಮುಂದೆ ಬಂದು ನಿಂತಿತು. ನೀರು ನಿಂತಿತು. ಆಡು ಅತ್ತ ಸರಿಯಿತು. ನೀರು ಬಂತು.

"ಈಗ ಯಾಕ ನಿಂತಿತ್ತು, ಹೇಳ್ರಿ?" ಗಿರಿಜಾ ಮಕ್ಕಳನ್ನು ಕೇಳಿದಳು.

"ಆಡಿನ ನೆರಳ ಬಿದ್ದಿತ್ರೀ!"

"ಮತ್ತ ಮೊದಲಿನಿಂದ ಯಾಕ ಚಾಲೂ ಆಗಿರಲಿಲ್ಲ?"

"ಹಾರ ಇತ್ರೀ!" ಐದನೆಯ ತರಗತಿ ಒಕ್ಕೊರಲಿನಿಂದ ಕೂಗಿತು. "ಹೇಳಾಕ ಕೈ ಎತ್ತಿದ್ವಿ ರೀ, ಇವರು ಒಂದಕ್ಕ ಕಳಿಸಿದ್ರು!"

ಬಿಸಿಲು ಪ್ಲೇಟಿನ ಎಲ್ಲ ಚೌಕಗಳ ಮೇಲೂ ಏಕೆ ಬೀಳಬೇಕು, ಒಂದು ಚೌಕ ಕತ್ತಲಾದರೆ ಉಳಿದವಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂದು ಗಿರಿಜಾ ಒಂದೊಂದಾಗಿ ಬಿಡಿಸಿ ಹೇಳಿದಳು. ಮಕ್ಕಳು ಸರದಿಯಂತೆ ಬಂದು ಅಂಗೈ ಅಡ್ಡ ಹಿಡಿದು ನೋಡಿದರು. ನಾನೂ ಹಿಂದೆ ನಿಂತು, ನೀರು ತೊಟ್ಟಿಕ್ಕಿಸುತ್ತ, ಕಲಿತೆ.

ಸಾಹೇಬರು ಬೂಟು ಒರೆಸಿಕೊಳ್ಳುತ್ತ ಕೇಳಿದರು, "ಟೀಚರ್, ಪಾಠ ಭಾಳ ಛಲೋ ಆತು. ಇವರು ಯಾವ ಕಾಲೇಜಿನವರು?"

ನಾನು ಗಿರಿಜಾಳಿಗೆ ಬೇಡ ಬೇಡ ಎಂದು ಸನ್ನೆ ಮಾಡಿದೆ. ಅವಳು ಮೈಕು ಹಿಡಿದಳು.

"ಯಾವ ಕಾಲೇಜಿನವರೂ ಅಲ್ರಿ ಸರ್. ಇವರು ನಮ್ಮಪ್ಪ. ಮೋಟಾರ್ ಸುತ್ತತಾರ. ಅದರ ಮ್ಯಾಲೆ ನನ್ನ ಓದಿಸ್ಯಾರ."

ಮುಖದ ಮೇಲೆ ಮೊದಲೇ ನೀರಿತ್ತು. ಅದರಲ್ಲಿ ಯಾವುದು ಪಂಪಿನದು ಎಂದು ಯಾರಿಗೂ ತಿಳಿಯಲಿಲ್ಲ. ಎದೆಯುಬ್ಬಿಸಿ ಚಪ್ಪಾಳೆಗೆ ಸಿದ್ಧನಾದೆ. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಮತ್ತ ಆಡು ಯಾರ ಪೈಕಿ ರೀ?"

ಮುದುಕಿ ಹೆಮ್ಮೆಯಿಂದ ಕೈ ಎತ್ತಿದಳು. ಚಪ್ಪಾಳೆ ಆ ಕಡೆಗೆ ಬಿತ್ತು! ವಂದನಾರ್ಪಣೆಯಲ್ಲೂ ಮೊದಲು ಆಡಿಗೆ, ಆಮೇಲೆ ನನಗೆ. ಹೆಡ್‌ಮಾಸ್ತರರು ನನಗೆ ಶಾಲು ಹೊದಿಸಿದರು. ಫೋಟೋ ತೆಗೆಯುವವರು ಆಡನ್ನೂ ಪಕ್ಕದಲ್ಲಿ ನಿಲ್ಲಿಸಿದರು.

ಮನೆಯಲ್ಲಿ ಶಾಂತಾ ಕೇಳಿದಳು, "ಹೆಂಗಾತ್ರಿ? ಪೂಜಿ ಫಲ ಕೊಡ್ತೋ ಇಲ್ಲೋ?"

"ಕೊಡ್ತು. ತಿಂದ ಮ್ಯಾಲೆ," ಎಂದು ಬಟ್ಟೆ ಬದಲಿಸಲು ಒಳಗೆ ಹೋದೆ.

ಹೀಗೆ, ಈಗ ನನ್ನ ಬಳಿ ಇರುವುದು ಇಷ್ಟು: ಒಂದು ಅಂಗಡಿ, ಎರಡು ಏಣಿ, ಒಬ್ಬ ಹೆಂಡತಿ, ಒಬ್ಬ ಮಗಳು, ಮುಕ್ಕಾಲು ಶಾಲು. ಉಳಿದ ಕಾಲು ಭಾಗವನ್ನು ಫೋಟೋ ತೆಗೆಯುವಾಗ ಆಡು ತಿಂದಿತು.