ಎಸಿ ನೀರಿನ ಎಂಎಸ್ಸಿ

ನನ್ನ ಹೆಂಡತಿ ಕಳ್ಳಿ ಎಂದು ಬಹರೇನಿನ ಸಲ್ಮಾನಿಯಾದ ನಮ್ಮ ಕಟ್ಟಡದ ವಾಚ್‌ಮನ್ ಇವತ್ತಿಗೂ ನಂಬಿದ್ದಾನೆ. ಅವನನ್ನು ದೂರಿ ಫಲವಿಲ್ಲ. ಐವತ್ತು ದಾಟಿದ ಹೆಂಗಸೊಬ್ಬಳು ಕಂಡವರ ಎಸಿ ಪೈಪಿನ ಬುಡದಲ್ಲಿ ಬಾಟಲಿ ಹಿಡಿದು ಕೂತರೆ ಯಾರಾದರೂ ಏನೆಂದುಕೊಳ್ಳಬೇಕು? "ಮ್ಯಾಡಂ, ನಲ್ ಮೇ ಪಾನಿ ಆತಾ ಹೈ ನಾ!" ನಲ್ಲಿಯಲ್ಲೇ ನೀರು ಬರುತ್ತದಲ್ಲ ಎಂದು ಅವನು ಅಂಗಲಾಚುತ್ತಾನೆ. "ವೋ ಪಾನಿ ನಹೀ ಚಾಹಿಯೇ, ಭಯ್ಯಾ" ಎಂದು ಈಕೆ ಆ ನೀರನ್ನೇ ಬೇಡವೆಂದು ಅವನ ಸಂಶಯವನ್ನು ಇನ್ನಷ್ಟು ಗಟ್ಟಿ ಮಾಡುತ್ತಾಳೆ!

ಈಕೆ ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. ಊರಿನ ವಿಶ್ವವಿದ್ಯಾಲಯ, ಇಲ್ಲಿಂದಲೇ ಆನ್‌ಲೈನ್ ಓದು. ಮಗಳ ಮದುವೆ ಮುಗಿಯಿತು, ಇನ್ನು ಇಬ್ಬರೂ ಊರಿಗೆ ಮರಳಿ ಕಾಲು ಚಾಚಬಹುದು ಎಂದು ನಾನು ಅಂದುಕೊಂಡ ವಾರವೇ ಫೀಸು ಕಟ್ಟಿಬಿಟ್ಟಳು. ಪ್ರಾಜೆಕ್ಟಿನ ವಿಷಯ: ಬಹರೇನಿನ ಸೆಕೆಗಾಲದಲ್ಲಿ ಎಸಿಗಳಿಂದ ಸುಮ್ಮನೆ ಹರಿದುಹೋಗುವ ನೀರು ಎಷ್ಟು ಶುದ್ಧ, ಅದು ಗಿಡಗಳಿಗೆ ಆದೀತೇ? ಪರಿಸರವೆಂದರೆ ಸುತ್ತ ಸಮುದ್ರವಿದೆ, ಮರಳುಗಾಡಿದೆ, ಖರ್ಜೂರದ ತೋಟವಿದೆ. ಈಕೆಗೆ ಸಿಕ್ಕಿದ್ದು ಎಸಿ!

ನಾನೋ, ಹತ್ತನೇ ಕ್ಲಾಸು ಮುಗಿಸಿ ವಿಮಾನ ಹತ್ತಿದ ಎಸಿ ಮೆಕ್ಯಾನಿಕ್. ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ಆಯುಷ್ಯವಿಡೀ ಮಾಡಿದ್ದು ಎಸಿ ನೀರು ಸೋರದಂತೆ ನಿಲ್ಲಿಸುವ ಕೆಲಸ. ನಾನು ನಿಲ್ಲಿಸುವವನು, ಈಕೆ ಹಿಡಿಯುವವಳು. ಇಂಥ ಜಾತಕ ಕೂಡಿಸಿದ ಪುರೋಹಿತರು ಈಗಿಲ್ಲ. ಬದುಕಿಕೊಂಡರು!

ನಮ್ಮ ಫ್ರಿಜ್ಜಿನಿಂದ ನನ್ನ ಬೂತಾಯಿ ಮೀನು ಗಡೀಪಾರಾಗಿ, ಚೀಟಿ ಅಂಟಿಸಿದ ಬಾಟಲಿಗಳು ಒಳಗೆ ಬಂದವು. "ಮೀನಿನ ವಾಸನೆ ನೀರಿಗೆ ಆಗ್ಲಿಕ್ಕಿಲ್ಲ ಮಾರಾಯ್ರೆ" ಎಂದಳು. ನನಗೆ ಮೀನಿಲ್ಲದೆ ಆಗಲಿಕ್ಕಿಲ್ಲ ಎಂಬುದನ್ನು ಯಾವ ವಿಜ್ಞಾನ ಕೇಳಿತು?

ಒಮ್ಮೆ ಜುಫೈರಿನ ಹೋಟೆಲಿನಲ್ಲಿ ಊರಿನವರೊಬ್ಬರ ಔತಣ. ಕೈತೊಳೆಯಲು ಹೋದ ಹೆಂಡತಿ ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿದರೆ ಹೋಟೆಲಿನ ಹಿಂದೆ, ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ಬಾಟಲಿ ಹಿಡಿದು ನಿಂತಿದ್ದಾಳೆ! ಸುತ್ತ ಟ್ಯಾಕ್ಸಿ ಡ್ರೈವರುಗಳ ಸಲಹಾ ಸಮಿತಿ. "ಅಮ್ಮಾ, ಉಸ್ ತರಫ್ ವಾಲಾ ಜ್ಯಾದಾ ಟಪಕ್ತಾ ಹೈ!" ಆ ಕಡೆಯದು ಹೆಚ್ಚು ತೊಟ್ಟಿಕ್ಕುತ್ತದಂತೆ.

"ಬಿರಿಯಾನಿ ಖಾಲಿಯಾಯ್ತು ಮಾರಾಯ್ತಿ," ಎಂದೆ.

"ಇರ್ಲಿ ಬಿಡಿ, ಬಾಟ್ಲಿ ತುಂಬಿತಲ್ಲ!"

ಇವೆಲ್ಲ ನಗುವ ಮಾತಾಯಿತು. ಇನ್ನು ನನ್ನ ಪಾಪದ ವಿಷಯ.

ಅವಳ ಲೆಕ್ಕದಲ್ಲಿ ಮುಖ್ಯವಾದದ್ದು ನಮ್ಮ ಹಾಲ್‌ನ ಎಸಿಯೇ. ಸೆಕೆಗಾಲ ಮುಗಿಯುವವರೆಗೆ ಅದನ್ನು ಯಾರೂ ಬಿಚ್ಚಬಾರದು, ತೊಳೆಯಬಾರದು ಎಂದು ಕಟ್ಟಪ್ಪಣೆಯಾಗಿತ್ತು. ಒಂದು ಶುಕ್ರವಾರ ಈಕೆ ಪೇಟೆಗೆ ಹೋಗಿದ್ದಾಗ ನಾನು ಅದನ್ನು ಬಿಚ್ಚಿದೆ. ತೊಳೆಯುವ ದ್ರಾವಣವನ್ನೂ ಧಾರಾಳ ಸುರಿದೆ. ನಮ್ಮ ಕೈ ಎಲ್ಲಿ ಸುಮ್ಮನಿರುತ್ತದೆ?

ಮರುದಿನ ಬಾಲ್ಕನಿಯಿಂದ ಕೂಗು: "ಓಯ್, ಇಲ್ಲಿ ಬನ್ನಿ! ನಮ್ಮ ನೀರಿನಲ್ಲಿ ಎಂತದೋ ಉಂಟು!"

ಆಗಲೇ ಹೇಳಬೇಕಿತ್ತು. ಆದರೆ ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಮಗಳು ಹುಟ್ಟಿದ ದಿನ ಕಂಡಿದ್ದೆ, ಅಷ್ಟೆ. "ಹೌದಾ, ಎಂತದು?" ಎಂದು ಏನೂ ಗೊತ್ತಿಲ್ಲದವನಂತೆ ಬಾಟಲಿಗೆ ಇಣುಕಿದೆ.

ಈಕೆ ಸುಮ್ಮನಿರುವವಳೇ? ಪಕ್ಕದ ಮನೆಯ ಬಹರೇನಿ ಅಜ್ಜಿ ಸಂಜೆ ಹಾಕುವ ಬಖೂರ್ ಧೂಪದ ಹೊಗೆಯೇ ಕಾರಣವಿರಬೇಕೆಂದು ಊಹಿಸಿ, ತನ್ನ ಓದಿಗಾಗಿ ಸ್ವಲ್ಪ ದಿನ ನಿಲ್ಲಿಸಿ ಎಂದು ಹೋಗಿ ಕೇಳಿಕೊಂಡಳು. ಅಜ್ಜಿ ಒಂದೇ ಮಾತು: "ಪಢಾಯಿ ಕೇ ಲಿಯೇ? ಖಲಾಸ್, ಬಂದ್!" ನೆಂಟರು ಬಂದ ದಿನವೂ ಆ ಮನೆಯಲ್ಲಿ ಧೂಪವಿಲ್ಲ. ನನ್ನ ಒಂದು ಸುಳ್ಳಿಗೆ ಪಾಪ ಆ ಮುದುಕಿಯ ಮನೆಯ ಪರಿಮಳ ಹೋಯಿತು!

ಧೂಪ ನಿಂತರೂ ಒಂದಿಷ್ಟು ದಿನ ಹಾಗೆಯೇ ಇದ್ದ ನೀರು, ಮೆಲ್ಲಗೆ ತಿಳಿಯಾಯಿತು. ದ್ರಾವಣ ತೊಳೆದುಹೋದದ್ದೆಂದು ನನಗೆ ಗೊತ್ತು. ಧೂಪ ನಿಂತದ್ದರಿಂದ ಎಂದು ಈಕೆಗೆ ಖಾತ್ರಿ! ಇದರ ಮೇಲೆಯೇ ಒಂದು ಅಧ್ಯಾಯ ಬರೆದು, "ನಾಳೆ ಮೇಡಮ್ಮಿಗೆ ಕಳಿಸ್ತೇನೆ" ಎಂದಳು. ಪ್ರಾಜೆಕ್ಟಿನ ಗೈಡ್ ಆದ ಆ ಮೇಡಂ ನಮ್ಮ ಮಗಳ ವಯಸ್ಸಿನವರು. ಅವರೆದುರು ಈಕೆ ತಲೆ ತಗ್ಗಿಸುವಂತಾದರೆ?

"ಕಳಿಸ್ಬೇಡ," ಎಂದೆ. "ಎಸಿ ತೊಳೆದದ್ದು ನಾನು."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಮೊದಲು ಪಕ್ಕದ ಮನೆಗೆ ಹೋಗಿ ಅಜ್ಜಿಗೆ ಧೂಪ ಹಾಕಲು ಹೇಳಿ ಬಂದಳು. ಆಮೇಲೆ ಮೇಡಮ್ಮಿಗೆ ಫೋನು. ಅಷ್ಟರಲ್ಲಿ ಸೆಕೆ ಇಳಿದು ಎಸಿಯ ಹನಿಯೂ ನಿಂತಿತ್ತು. ಇನ್ನೊಂದು ಸೆಕೆಗಾಲ ಕಾದು ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಅವಳ ಒಂದು ವರ್ಷ ಎಸಿ ತೊಳೆದ ನನ್ನ ಬಕೆಟ್ಟಿನಲ್ಲಿ ಹೋಯಿತು. ನಾವು ಊರಿಗೆ ಮರಳುವುದೂ ಅಷ್ಟೇ ಮುಂದೆ ಹೋಯಿತು.

"ಹೌದಾ, ಅಷ್ಟು ಹೇಳಿದ್ರೂ ಅದನ್ನು ಮುಟ್ಟಿದ್ದು ಯಾಕೆ?" ಎಂದು ಊಟಕ್ಕೆ ಕೂತಾಗ ಕೇಳಿದಳು.

"ಧೂಳು ಕಟ್ಟಿ ತಂಪೇ ಬರ್ತಿರ್ಲಿಲ್ಲ. ನೀನು ಸೆರಗಿನಲ್ಲಿ ಗಾಳಿ ಹಾಕಿಕೊಂಡು ಓದ್ತಿದ್ದಿ. ನೋಡ್ಲಿಕ್ಕೆ ಆಗ್ಲಿಲ್ಲ."

ಈಕೆ ಎತ್ತಿದ ತುತ್ತನ್ನು ಮತ್ತೆ ಬಟ್ಟಲಿಗೇ ಇಟ್ಟಳು. "ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀನು ಬೇಡ ಅಂತಿದ್ದಿ."

"ಮಂಡೆ ಸಮ ಇಲ್ಲ ನಿಮಗೆ," ಎಂದು ನನ್ನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಈಗ ಮತ್ತೆ ಸೆಕೆಗಾಲ. ಬಾಲ್ಕನಿಯಲ್ಲಿ ಬಾಟಲಿ, ಹಾಲ್‌ನಲ್ಲಿ ಧೂಳು ತುಂಬಿ ಏದುಸಿರು ಬಿಡುವ ಎಸಿ. ಈಕೆ ಬರೆಯುತ್ತಾಳೆ. ಜೀವಮಾನವಿಡೀ ಬಹರೇನಿನ ಮನೆಗಳನ್ನೆಲ್ಲ ತಂಪು ಮಾಡಿದ ಈ ಮೆಕ್ಯಾನಿಕ್, ಪಕ್ಕದಲ್ಲಿ ಕೂತು ಹಳೆಯ ಪೇಪರಿನಿಂದ ಅವಳಿಗೆ ಗಾಳಿ ಹಾಕುತ್ತಾನೆ. ಗಾಳಿ ಹಾಕಿದರೆ ನೀರಿಗೆ ಏನೂ ಆಗುವುದಿಲ್ಲವಂತೆ. ಈ ಸಲ ಕೇಳಿಯೇ ಶುರು ಮಾಡಿದ್ದೇನೆ.