ದೊಡ್ಡಪ್ಪ ಬರೆದ ರ‍್ಯಾಂಕರ್ ಅರ್ಜಿ

ಪರರ ದ್ವೇಷವನ್ನು ನಮ್ಮ ದೊಡ್ಡಪ್ಪನಷ್ಟು ಅಕ್ಕರೆಯಿಂದ ನೋಡಿಕೊಂಡವರು ಇಡೀ ಶಿವಮೊಗ್ಗೆಯಲ್ಲೇ ಇರಲಿಲ್ಲ! ತಾಲ್ಲೂಕು ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಕೂತು ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದು ಅವರ ಕಸುಬು. ‘ಅವನಿಗೆ ನನ್ನ ಮೇಲೆ ದ್ವೇಷ’ ಎಂದು ಯಾರಾದರೂ ಬಂದರೆ ಸಾಕು, ಯಾವ ಜಾತಿಯ ದ್ವೇಷ ಎಂದು ವಿಚಾರಣೆ ಶುರು. ನಿನ್ನೆ ಹುಟ್ಟಿದ್ದೋ, ಹೊಟ್ಟೆಕಿಚ್ಚಿನದೋ, ಹೆಂಡತಿ ಕಡೆಯಿಂದ ಬಂದದ್ದೋ?

ಅವರ ಬತ್ತಳಿಕೆಯ ಬ್ರಹ್ಮಾಸ್ತ್ರವೆಂದರೆ ‘ರ‍್ಯಾಂಕರ್’ ಎಂಬ ಇಂಗ್ಲಿಷ್ ಪದ. “ಇದು ಬರೀ ಸಿಟ್ಟಲ್ಲ ಮಾರಾಯ, ಒಳಗೇ ಇಟ್ಟು ಇಟ್ಟು ಹಳಸಿದ ಸಿಟ್ಟು” ಎನ್ನುತ್ತಿದ್ದರು. ಸುಮ್ಮನೆ ಬರೆದುಕೊಡುವವರಲ್ಲ. ಸಾಹೇಬರು ಕೇಳಿದರೆ ಹೇಳಲು ಬರಬೇಕಲ್ಲ? ಮೊದಲ ಅಕ್ಷರಕ್ಕೆ ಒತ್ತು, ಕೊನೆಯ ರಕಾರ ಬಾಯಲ್ಲೇ ಕರಗಬೇಕು. ಹೊಳೆಹೊನ್ನೂರಿನ ಗೌಡರೊಬ್ಬರು ಬೆಳಗೆಲ್ಲ ಅದನ್ನು ಉರುಹೊಡೆದು, “ಸ್ವಾಮಿ, ಇದನ್ನ ಕಲಿಯೋ ಹೊತ್ತಿಗೆ ನನ್ನ ಸಿಟ್ಟೇ ಇಳಿದುಹೋಯ್ತು, ಬರ್ತೀನಿ” ಎಂದು ಎದ್ದುಹೋದರಂತೆ.

ಇಂಥ ದೊಡ್ಡಪ್ಪನಿಗೂ ನಮ್ಮ ತಂದೆಗೂ ಮನೆ ಹಿಸ್ಸೆಯಾದ ಮೇಲೆ ಮಾತಿರಲಿಲ್ಲ. ಹಿತ್ತಿಲ ಬಾವಿಗೆ ದೊಡ್ಡಪ್ಪ ಬೇಲಿ ಹಾಕಿಸಿದ್ದರು. ನಮ್ಮ ಪಾಲಿನ ಮನೆಗೆ ನೀರಿಲ್ಲ. ಭದ್ರಾವತಿಯ ಕಾರ್ಖಾನೆಗೆ ದಿನವೂ ಹೋಗಿಬರುತ್ತಿದ್ದ ತಂದೆ ಒಂದು ದಿನ ರಜೆ ಹಾಕಿ, ನನ್ನನ್ನೂ ಕರೆದುಕೊಂಡು ಕಚೇರಿಗೆ ಅರ್ಜಿ ಕೊಡಲು ಹೊರಟರು. ಗೆಲ್ಲುವ ಅರ್ಜಿ ಬರೆಯುವವರು ಊರಿಗೆಲ್ಲ ಒಬ್ಬರೇ. ಯಾರೆಂದು ಹೇಳಬೇಕೆ? ನೆಟ್ಟಗೆ ಹೋಗಿ ಅವರ ಎದುರೇ ಕೂತರು!

“ಎದುರು ಪಾರ್ಟಿ ಯಾರು?” ಎಂದರು ದೊಡ್ಡಪ್ಪ, ತಲೆಯೆತ್ತದೆ.

“ನೀನೇ.”

“ಹೂಂ. ಹೇಳು.”

ಆ ಕಸುಬಿನ ನಿಷ್ಠೆಗೆ ನಾನು ದಂಗಾದೆ. ತಮ್ಮ ಮೇಲಿನ ತಕರಾರುಗಳಲ್ಲಿ ತಂದೆ ಮರೆತಿದ್ದನ್ನೂ ಅವರೇ ನೆನಪಿಸಿ ಸೇರಿಸಿದರು. “ಸಾದಾ ಪದ ಸಾಲಲ್ಲ, ರ‍್ಯಾಂಕರ್ ಹಾಕ್ತೀನಿ” ಎಂದು ಉಚ್ಚಾರವನ್ನೂ ಕಲಿಸಿದರು. ಇಂಥ ಮನುಷ್ಯರು ಇನ್ನೆಲ್ಲಿ ಸಿಕ್ಕಾರು?

ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ, ನಿಜವೆಂದು ಒಪ್ಪಿಸಿಯೇ ರುಜು ಹಾಕಿಸುವುದು ಅಲ್ಲಿನ ಪದ್ಧತಿ. ದೊಡ್ಡಪ್ಪ ಓದತೊಡಗಿದರು: “ನನ್ನ ಒಡಹುಟ್ಟಿದ ಅಣ್ಣನು ಬಹುಕಾಲದಿಂದ ನನ್ನ ಮೇಲೆ ದ್ವೇಷವನ್ನು ಮನಸ್ಸಿನಲ್ಲಿಟ್ಟುಕೊಂಡು...” ಅಲ್ಲಿಗೆ ಕಾಗದ ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು. “ನಿಜ ಅನ್ನಿಸಿದ್ರೆ ರುಜು ಹಾಕಪ್ಪ.”

ತಂದೆ ಲೇಖನಿಯನ್ನು ರುಜು ಹಾಕುವ ಜಾಗದವರೆಗೂ ಒಯ್ದರು. ಆಮೇಲೆ ಅದನ್ನು ಕೆಳಗಿಟ್ಟು, “ಸುಳ್ಳಿಗೆ ಹೇಗೆ ರುಜು ಹಾಕ್ಲಿ, ಅಣ್ಣ?” ಎಂದರು.

ದೊಡ್ಡಪ್ಪನ ಕಣ್ಣು ತುಂಬಿತ್ತು. “ಬೇಲಿ ಗಟ್ಟಿಯಾಗಿದೆ ಕಣೋ, ನನ್ನೊಬ್ಬನ ಕೈಲಿ ಕೀಳೋಕಾಗಲ್ಲ. ನೀನೂ ಬರ್ತೀಯಾ?”

ತಂದೆ ಆಗಲೇ ಎದ್ದು ಅಂಗಿಯ ತೋಳು ಮಡಚುತ್ತಿದ್ದರು.